ನೇತ್ರಾಣಿಯಲ್ಲಿ ಹವಳ ನೆಡುವ ಮೊದಲು ಲಂಗರು ಎತ್ತಿ

ಸಂಪಾದಕರಿಗೆ,

ಮಾನ್ಯರೇ,

ಮಳೆಗಾಲ ಮುಗಿದು ಕಡಲು ತಿಳಿಯಾಗುತ್ತಿದ್ದಂತೆ ಮುರ್ಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾ ಡೈವಿಂಗ್ ದೋಣಿಗಳು ಮತ್ತೆ ಹೊರಡುತ್ತವೆ. ದಡದಿಂದ ಸುಮಾರು 19 ಕಿಲೋಮೀಟರ್ ದೂರದ ಈ ಬಂಡೆಗುಡ್ಡ ನಮ್ಮ ರಾಜ್ಯಕ್ಕೆ ಇರುವ ಅತಿ ದೊಡ್ಡ ಡೈವಿಂಗ್ ತಾಣ. ಹಾಳಾದ ಹವಳದ ಜಾಗದಲ್ಲಿ ಹೊಸ ಹವಳ ನೆಟ್ಟು ಬೆಳೆಸುವ ಮಾತು ಈಗ ಪ್ರವಾಸಿಗರು ಹೋಗುವ ಎಲ್ಲ ಕಡಲಲ್ಲೂ ಕೇಳಿಬರುತ್ತಿದೆ, ಇಲ್ಲೂ ಕೇಳಿಬರುತ್ತದೆ. ಈ ಭಾಗದಲ್ಲಿ ಡೈವಿಂಗ್ ಕಲಿಸುವ, ದೋಣಿ ನಡೆಸುವ ನಾವು ಹೇಳಬೇಕೆಂದಿರುವುದು ಒಂದೇ: ನೆಡುವುದು ಆಮೇಲಿನ ಕೆಲಸ. ಮೊದಲು ಲಂಗರು, ಗಾಳ, ಬಲೆ ಮತ್ತು ಕಾಲು, ಈ ನಾಲ್ಕನ್ನು ಹವಳದ ಮೇಲಿಂದ ತೆಗೆಯಬೇಕು. ಜಗತ್ತಿನಲ್ಲಿ ಜನಜಂಗುಳಿಯ ಡೈವಿಂಗ್ ತಾಣಗಳು ಎಲ್ಲೆಲ್ಲಿ ಚೇತರಿಸಿಕೊಂಡಿವೆಯೋ ಅಲ್ಲೆಲ್ಲ ಮೊದಲು ನಡೆದದ್ದು ಈ ತೆಗೆಯುವ ಕೆಲಸ.

ಥಾಯ್ಲೆಂಡಿನ ಮಾಯಾ ಬೇ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಕ್ರಾಬಿ ಪ್ರಾಂತ್ಯದ ಫಿ ಫಿ ಲೇ ದ್ವೀಪದ ಆ ಸಣ್ಣ ಕೊಲ್ಲಿಗೆ ಜನ ತುಂಬಿದ ದಿನಗಳಲ್ಲಿ 5000ದಷ್ಟು ಪ್ರವಾಸಿಗರು ಬರುತ್ತಿದ್ದರು. ವೇಗದ ದೋಣಿಗಳು ನೇರ ಮರಳ ದಂಡೆಗೇ ಬಂದು ನಿಲ್ಲುತ್ತಿದ್ದವು; ಲಂಗರು ಆಳವಿಲ್ಲದ ಹವಳದ ಮೇಲೆ, ಪ್ರೊಪೆಲ್ಲರ್ ಎಬ್ಬಿಸಿದ ಮರಳು ಉಳಿದದ್ದರ ಮೇಲೆ. 2018ರ ಜೂನ್ 1ರಂದು ಅದನ್ನು ಮುಚ್ಚಿದಾಗ ನಾಲ್ಕು ತಿಂಗಳ ಮಟ್ಟಿಗೆ ಎಂದಿದ್ದರು. ಅಷ್ಟು ಸಾಲದು ಎಂದು ಕಂಡುಬಂದು ಅವಧಿಯನ್ನು ವಿಸ್ತರಿಸುತ್ತ ಹೋಗಿ, ಕಡೆಗೆ ತೆರೆದದ್ದು 2022ರ ಜನವರಿ 1ರಂದು. ಮುಚ್ಚಿದ ಕೆಲವೇ ತಿಂಗಳಲ್ಲಿ ಕಪ್ಪು ರೆಕ್ಕೆತುದಿಯ ಶಾರ್ಕ್‌ಗಳು ದಂಡೆಯ ಹತ್ತಿರದ ಆಳವಿಲ್ಲದ ನೀರಿಗೆ ಮರಳಿದವು. ಮರಿಗಳಿಗೆ ಆಸರೆಯಾಗುವ ನೀರು ಅದು. ಅವು ಬಂದದ್ದು ಯಾರೂ ತಂದು ಬಿಟ್ಟದ್ದರಿಂದಲ್ಲ, ದೋಣಿಗಳು ನಿಂತದ್ದರಿಂದ.

ಮಾಯಾ ಬೇಯಲ್ಲಿ ಹವಳದ ತುಂಡುಗಳನ್ನು ನೆಟ್ಟದ್ದೂ ನಿಜ. ಆದರೆ ನಮ್ಮಲ್ಲಿ ಆ ಕಥೆ ಹೇಳುವವರು ತೆರೆದ ಮೇಲೆ ಬದಲಾದದ್ದನ್ನು ಬಿಟ್ಟುಬಿಡುತ್ತಾರೆ. ಈಗ ಯಾವ ದೋಣಿಯೂ ಕೊಲ್ಲಿಯ ಒಳಗೆ ಬರುವಂತಿಲ್ಲ. ದ್ವೀಪದ ಹಿಂಭಾಗದಲ್ಲಿ ತೇಲುವ ಜೆಟ್ಟಿ ಹಾಕಿದ್ದಾರೆ, ಅಲ್ಲಿ ಇಳಿದು ನಡೆದು ಬರಬೇಕು. ಒಂದು ಸರದಿಗೆ ಇಷ್ಟೇ ಜನ ಎಂಬ ಮಿತಿ ಇದೆ. ಈಜುವಂತಿಲ್ಲ. 2022ರಿಂದ ಪ್ರತಿ ವರ್ಷ ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳು ಪೂರ್ತಿ ಮುಚ್ಚುತ್ತಾರೆ. ಮುಚ್ಚಿ ಮತ್ತೆ ಹಳೆಯ ಹಾಗೇ ತೆರೆದಿದ್ದರೆ ಮೂರೂವರೆ ವರ್ಷದ ಫಲ ಒಂದೆರಡು ಪ್ರವಾಸಿ ಋತುಗಳಲ್ಲಿ ಕರಗಿಹೋಗುತ್ತಿತ್ತು.

ಮೀನಿನ ವಿಷಯಕ್ಕೆ ಬಂದರೆ ಮೆಕ್ಸಿಕೋದ ಕಾಬೋ ಪುಲ್ಮೋ ನೋಡಬೇಕು. 1995ರಲ್ಲಿ ರಾಷ್ಟ್ರೀಯ ಉದ್ಯಾನವಾದ ಸುಮಾರು 71 ಚದರ ಕಿಲೋಮೀಟರ್ ಕಡಲು ಅದು. ಸರ್ಕಾರ ಒಂದು ಭಾಗದಲ್ಲಿ ಮಾತ್ರ ಮೀನುಗಾರಿಕೆ ನಿಷೇಧಿಸಿತ್ತು. ಊರಿನ ಮೀನುಗಾರ ಕುಟುಂಬಗಳು ತಾವೇ ಮುಂದಾಗಿ ಉದ್ಯಾನದ ಉಳಿದ ಭಾಗದಲ್ಲೂ ಮೀನು ಹಿಡಿಯುವುದನ್ನು ಬಿಟ್ಟು ಡೈವಿಂಗ್ ದೋಣಿ ನಡೆಸತೊಡಗಿದವು. 1999ರಿಂದ 2009ರ ಹತ್ತು ವರ್ಷಗಳಲ್ಲಿ ಅಲ್ಲಿನ ಮೀನಿನ ಒಟ್ಟು ತೂಕ ಶೇ 463ರಷ್ಟು ಹೆಚ್ಚಿತು. ಅತಿ ಹೆಚ್ಚು ಬೆಳೆದದ್ದು ಶಾರ್ಕ್, ದೊಡ್ಡ ಗ್ರೂಪರ್‌ಗಳಂಥ, ಬೇರೆ ಮೀನನ್ನು ಬೇಟೆಯಾಡುವ ಮೀನುಗಳು. ಇದಕ್ಕೆ ವಿರುದ್ಧದ ಪಾಠ ಫಿಲಿಪ್ಪೀನ್ಸಿನ ಸುಮಿಲೋನ್ ದ್ವೀಪದ್ದು. 1974ರಲ್ಲಿ ಅಲ್ಲಿ ಹವಳದ ದಿಬ್ಬದ ಒಂದು ಭಾಗಕ್ಕೆ ರಕ್ಷಣೆ ಸಿಕ್ಕಿತು, ಸುತ್ತಲಿನ ಮೀನುಗಾರರಿಗೆ ಒಳ್ಳೆಯ ಬೇಟೆ ಸಿಗುತ್ತಿತ್ತು. 1984ರಲ್ಲಿ ಆ ರಕ್ಷಣೆ ಮುರಿದುಬಿತ್ತು. ಎರಡು ವರ್ಷ ಕಳೆಯುವುದರೊಳಗೆ ಮೀನುಗಾರರ ಬೇಟೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಮೀನು ಹಿಡಿಯುವ ಜಾಗ ಹೆಚ್ಚಾಯಿತು, ಸಿಗುವ ಮೀನು ಕಡಿಮೆಯಾಯಿತು. ಸಿಲ್ಲಿಮನ್ ವಿಶ್ವವಿದ್ಯಾಲಯದ ಏಂಜೆಲ್ ಅಲ್ಕಾಲಾ ಮತ್ತು ಅವರ ಸಂಗಡಿಗರು ಲೆಕ್ಕ ಇಟ್ಟಿದ್ದರಿಂದ ಇದು ಗೊತ್ತಾಯಿತು. ಅದೇ ವಿಶ್ವವಿದ್ಯಾಲಯದ ನೆರವಿನಿಂದ ಆಪೋ ದ್ವೀಪದವರು 1982ರಲ್ಲಿ ಶುರುಮಾಡಿದ ಕಾವಲು ಮಾತ್ರ ಗಟ್ಟಿಯಾಗಿ ನಿಂತಿತು. ಇಂದು ಅದು ಹೆಸರಾಂತ ಡೈವಿಂಗ್ ತಾಣ, ಸುತ್ತಲ ನೀರಿನಲ್ಲಿ ಊರಿನವರ ಮೀನುಗಾರಿಕೆಯೂ ನಡೆಯುತ್ತಿದೆ.

ಇಷ್ಟು ಹೇಳಿದ ಮೇಲೆ ಒಂದು ಮಿತಿಯನ್ನೂ ಹೇಳಲೇಬೇಕು. ಸಮುದ್ರ ಬಿಸಿಯಾಗುವುದನ್ನು ನೇತ್ರಾಣಿಯಲ್ಲಿ ಯಾವ ನಿಯಮವೂ ತಡೆಯಲಾರದು. ಹವಳದ ಬಣ್ಣ, ಆಹಾರ ಎರಡೂ ಬಹುಪಾಲು ಅದರ ಮೈಯೊಳಗಿನ ಸೂಕ್ಷ್ಮ ಪಾಚಿಯಿಂದ ಬರುವುದು. ಬೇಸಿಗೆಯ ಅತಿ ಬಿಸಿ ತಿಂಗಳಿನ ಸರಾಸರಿಗಿಂತ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಿನ ಬಿಸಿ ನಾಲ್ಕು ವಾರ ನಿಂತರೆ ಹವಳ ಆ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ಎಂಟು ವಾರ ನಿಂತರೆ ದೊಡ್ಡ ಪ್ರಮಾಣದಲ್ಲಿ ಸಾಯತೊಡಗುತ್ತದೆ. ಮಂಗಳೂರಿನ ಹಳೆ ಬಂದರಿನಿಂದ ಸರಕು ಹೋಗುವ ಲಕ್ಷದ್ವೀಪವೇ ನಮಗೆ ಹತ್ತಿರದ ಸಾಕ್ಷಿ. 1998, 2010, 2016ರ ಬಿಸಿ ಅಲೆಗಳ ನಂತರ ಅಲ್ಲಿ ಅಧ್ಯಯನ ನಡೆದ ದಿಬ್ಬಗಳಲ್ಲಿ ಜೀವಂತ ಹವಳದ ಹೊದಿಕೆ 1998ರ ಶೇ 37ರಿಂದ 2022ಕ್ಕೆ ಶೇ 19ರ ಆಸುಪಾಸಿಗೆ ಇಳಿದಿತ್ತು. ಎರಡು ಬಿಸಿ ಅಲೆಗಳ ನಡುವೆ ಸುಮಾರು ಆರು ವರ್ಷ ಬಿಡುವು ಸಿಕ್ಕರೆ ಮಾತ್ರ ಹೇಳಿಕೊಳ್ಳುವಂಥ ಚೇತರಿಕೆ ಎಂಬುದು ಅದೇ ಅಧ್ಯಯನದಿಂದ ತಿಳಿದ ಮಾತು. 2024ರ ಏಪ್ರಿಲ್‌ನಲ್ಲಿ ನಾಲ್ಕನೆಯ ಜಾಗತಿಕ ಬಿಳಿಚುವಿಕೆಯನ್ನು ಘೋಷಿಸಿದರು. ಆ ವರ್ಷ ಲಕ್ಷದ್ವೀಪಕ್ಕೆ ಮತ್ತೆ ಪೆಟ್ಟು ಬಿತ್ತು.

ಹಾಗಾದರೆ ಲಂಗರು, ಫಿನ್‌ಗಳ (ಈಜಲು ಕಾಲಿಗೆ ಹಾಕುವ ರೆಕ್ಕೆಗಳ) ಬಗ್ಗೆ ತಲೆ ಕೆಡಿಸಿಕೊಂಡು ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಪ್ರಯೋಜನ ಇದೆ. ಬಿಳಿಚಿದ ಹವಳ ಸತ್ತ ಹವಳವಲ್ಲ, ಹಸಿದ ಹವಳ. ನೀರು ತಣ್ಣಗಾಗುವ ತನಕ ಜೀವ ಹಿಡಿದುಕೊಂಡರೆ ಪಾಚಿಯನ್ನು ಮತ್ತೆ ಸೇರಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಮೈ ಕೆತ್ತಿದರೆ ಗಾಯ ಮಾಯುವ ಶಕ್ತಿ ಅದಕ್ಕಿರುವುದಿಲ್ಲ. ಸತ್ತ ಕಡೆ ಹೊಸ ಹವಳ ಬರಬೇಕಾದರೂ ದಾರಿ ಒಂದೇ: ಕೆಲವೇ ಮಿಲಿಮೀಟರ್ ಉದ್ದದ, ಎಷ್ಟೋ ವೇಳೆ ಅಷ್ಟೂ ಇರದ ಹವಳದ ಮರಿಗೆ ಕೂರಲು ಗಟ್ಟಿಯಾದ, ಶುಭ್ರವಾದ ಕಲ್ಲಿನ ಮೈ ಸಿಗಬೇಕು. ಕಲ್ಲಿನ ಮೇಲೆ ಬೇರೆ ಬಗೆಯ ಪಾಚಿ ದಟ್ಟವಾಗಿ ಬೆಳೆದಿದ್ದರೆ, ಕೆಸರು ಕೂತಿದ್ದರೆ ಅದು ಕೂರುವುದಿಲ್ಲ, ಕೂತರೂ ಉಳಿಯುವುದಿಲ್ಲ. ಆ ಪಾಚಿಯನ್ನು ಕೆರೆದು ತಿನ್ನುವುದು ಗಿಳಿಮೀನು, ಸರ್ಜನ್ ಮೀನು. ಅವು ಬಲೆಗೆ ಬಿದ್ದರೆ ಕೆರೆಯುವವರಿಲ್ಲ. 2010ರ ಬಿಳಿಚುವಿಕೆಯ ನಂತರ ಥಾಯ್ಲೆಂಡ್ 2011ರ ಜನವರಿಯಲ್ಲಿ 18 ಜನಪ್ರಿಯ ಡೈವಿಂಗ್ ತಾಣಗಳನ್ನು ಮುಚ್ಚಿತು, 2016ರಲ್ಲೂ ಕೆಲವನ್ನು ಮುಚ್ಚಿತು. ಬಿಸಿಯನ್ನು ತಡೆಯಲು ಆಗದಿದ್ದರೂ ಅದರ ಮೇಲೆ ಇನ್ನೊಂದು ಪೆಟ್ಟು ಬೀಳದಂತೆ ನೋಡಿಕೊಳ್ಳಬಹುದು ಎಂಬುದೇ ಅಲ್ಲಿನ ಲೆಕ್ಕ.

ಇನ್ನು ಲಂಗರಿನ ವಿಷಯ. ಲಂಗರು ಬಿದ್ದ ಜಾಗದಲ್ಲಿ ಆಗುವ ಗುಂಡಿಗಿಂತ ಹೆಚ್ಚಿನ ನಾಶ ಮಾಡುವುದು ಅದರ ಸರಪಳಿ. ಗಾಳಿ, ನೀರಿನ ಸೆಳೆತ ತಿರುಗಿದಂತೆ ದೋಣಿ ತಿರುಗುತ್ತದೆ, ಸರಪಳಿ ಬಂಡೆಯ ಮೇಲೆ ಅರ್ಧಚಂದ್ರಾಕಾರದಲ್ಲಿ ಸವರುತ್ತ ಹೋಗುತ್ತದೆ. ನಮ್ಮ ಕರಾವಳಿಯ ಕಲಕು ನೀರಿನಲ್ಲಿ, ಮಳೆಗಾಲದ ಹೊಡೆತದಲ್ಲಿ ಉಳಿದುಕೊಳ್ಳುವುದು ಹೆಚ್ಚಾಗಿ ಬಂಡೆಗೆ ಅಂಟಿ ಗುಮ್ಮಟದ ಹಾಗೆ ಬೆಳೆಯುವ ಹವಳ. ಕವಲೊಡೆಯುವ ಹವಳ ವರ್ಷಕ್ಕೆ 10 ಸೆಂಟಿಮೀಟರ್ ಬೆಳೆದೀತು, ಈ ಗುಮ್ಮಟದ ಜಾತಿ ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್. ಒಂದು ಅಡಿ ಅಗಲದ ಗುಡ್ಡೆಗೆ ಸುಮಾರು 15 ವರ್ಷ ವಯಸ್ಸು. ಸರಪಳಿಯ ಒಂದು ಸವರಿಗೆ ಅಂಥ ಎಷ್ಟೋ ಗುಡ್ಡೆಗಳ ತಲೆ ಹಾರಿಹೋಗುತ್ತದೆ.

ಇದಕ್ಕೆ ಪರಿಹಾರ ಕಾಯಂ ಕಟ್ಟುಬುರುಡೆ, ಅಂದರೆ ಮೂರಿಂಗ್ ಬಾಯ್: ತಳಕ್ಕೆ ಬಿಗಿದ, ಲಂಗರು ಹಾಕದೆ ದೋಣಿ ಕಟ್ಟಿಕೊಳ್ಳುವ ತೇಲುಬುರುಡೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕಡಲ ಜೀವವಿಜ್ಞಾನಿ ಜಾನ್ ಹಲಾಸ್ ರೂಪಿಸಿದ, ಬಂಡೆಗೆ ಬೋಲ್ಟ್ ಕೂರಿಸುವ ವಿಧಾನ ಇಂದು ಎಷ್ಟೋ ದೇಶಗಳಲ್ಲಿ ಬಳಕೆಯಲ್ಲಿದೆ. ನಮ್ಮಲ್ಲಿ ಇದನ್ನು ಮಾಡಹೊರಟರೆ ಮೊದಲು ಆಗುವ ತಪ್ಪು ಎಂದರೆ ಕಾಂಕ್ರೀಟ್ ದಿಮ್ಮಿ ಇಳಿಸುವುದು. ಅದು ಅಗ್ಗ, ನೋಡಲು ಭಾರ. ಆದರೆ ನೀರಿನಡಿ ಕಾಂಕ್ರೀಟ್ ತನ್ನ ತೂಕದಲ್ಲಿ ಶೇ 40ಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತದೆ. ಒಂದು ಟನ್ನಿನ ದಿಮ್ಮಿ ಅಲ್ಲಿ ಆರುನೂರು ಕಿಲೋ ಕೂಡ ತೂಗುವುದಿಲ್ಲ. ಜೂನ್, ಜುಲೈನ ಅರಬ್ಬಿ ಸಮುದ್ರ ಅದನ್ನು ಎಳೆದಾಡಿದರೆ ಲಂಗರು ಮಾಡಿದ್ದಕ್ಕಿಂತ ಹೆಚ್ಚು ನಾಶವಾಗುತ್ತದೆ. ಹಳೆಯ ಟೈರು, ಕೆಟ್ಟ ಎಂಜಿನ್ನು ಕಟ್ಟಿ ಇಳಿಸುವುದಂತೂ ಬೇಡವೇ ಬೇಡ.

ನೇತ್ರಾಣಿಯ ತಳ ಬಂಡೆ. ಅಲ್ಲಿ ಸರಿಹೊಂದುವುದು ಬಂಡೆಗೆ ರಂಧ್ರ ಕೊರೆದು ಕೂರಿಸುವ ಬಳೆತಲೆಯ ಬೋಲ್ಟ್. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೇಕು, 304 ಉಪ್ಪುನೀರಿನಲ್ಲಿ ಬಾಳುವುದಿಲ್ಲ. ಸುಮಾರು 16 ಮಿಲಿಮೀಟರ್ ದಪ್ಪ, 45 ಸೆಂಟಿಮೀಟರ್ ಉದ್ದ. ಜಾಗ ಆರಿಸುವಾಗ ಮೂರು ಸಂಗತಿ ನೋಡಬೇಕು: ಸುತ್ತ ಜೀವಂತ ಹವಳ ಇರಬಾರದು, ಅದು ನೆಲಕ್ಕೆ ಬೇರೂರಿದ ಬಂಡೆಯಾಗಿರಬೇಕು, ಬಿಡಿಯಾಗಿ ಕೂತ ಗುಂಡುಕಲ್ಲಲ್ಲ, ಯಾವ ದಿಕ್ಕಿನ ಗಾಳಿಗೆ ದೋಣಿ ತಿರುಗಿದರೂ ಅದರ ಹಿಂಭಾಗ ದ್ವೀಪದ ಗೋಡೆಗೆ ತಾಗಬಾರದು. ಕೊರೆದ ರಂಧ್ರದ ಪುಡಿಯನ್ನು ಪೂರ್ತಿ ತೊಳೆದು ತೆಗೆಯದೆ ಸಿಮೆಂಟ್ ತುಂಬಿದರೆ ಅದು ಬಂಡೆಗೆ ಹಿಡಿಯುವುದಿಲ್ಲ. ಬೋಲ್ಟ್ ಕಿತ್ತುಬರುವುದಕ್ಕೆ ಮುಖ್ಯ ಕಾರಣ ಇದೇ. ನೀರಿನಡಿ ಗಟ್ಟಿಯಾಗುವ ಸಿಮೆಂಟ್ ಅಥವಾ ಎಪಾಕ್ಸಿ ಅಂಟು ತುಂಬಿ ಒಂದು ವಾರ ಯಾವ ದೋಣಿಯನ್ನೂ ಕಟ್ಟಬಾರದು. ಮರಳು ಇರುವ ಕಡೆ ಇದರ ಬದಲು ತಿರುಪಿನಂತೆ ನೆಲಕ್ಕೆ ಇಳಿಯುವ ಉಕ್ಕಿನ ಆಂಕರ್ ಹಾಕುತ್ತಾರೆ.

ಬೋಲ್ಟಿನಿಂದ ಮೇಲಕ್ಕೆ 20ರಿಂದ 25 ಮಿಲಿಮೀಟರ್ ದಪ್ಪದ ಹಗ್ಗ. ಅದರ ಬುಡದಲ್ಲಿ, ತಳದಿಂದ ಎರಡು ಮೂರು ಮೀಟರ್ ಮೇಲೆ ಒಂದು ಸಣ್ಣ ಬುರುಡೆ ಕಟ್ಟಬೇಕು. ನಮ್ಮಲ್ಲಿ ಕಡಲಿನ ಉಬ್ಬರವಿಳಿತ ಹೆಚ್ಚೆಂದರೆ ಎರಡು ಮೀಟರ್ ಸುತ್ತಮುತ್ತ. ಇಳಿತದ ಹೊತ್ತಿನಲ್ಲಿ ಸಡಿಲಾದ ಹಗ್ಗ ಹವಳದ ಮೇಲೆ ಬಿದ್ದು ಗರಗಸದಂತೆ ಉಜ್ಜದಂತೆ ಈ ಬುರುಡೆ ಅದನ್ನು ಎತ್ತಿ ಹಿಡಿಯುತ್ತದೆ. ಇದೊಂದನ್ನು ಮರೆತ ಕಡೆ ಬೋಲ್ಟಿನ ಸುತ್ತ ಹವಳವೇ ಇಲ್ಲದ ವೃತ್ತ ಉಳಿಯುತ್ತದೆ. ಮೇಲೆ ದೊಡ್ಡ ಬಾಯ್, ಅದರಿಂದ ನಾಲ್ಕೈದು ಮೀಟರ್ ತೇಲುವ ಹಗ್ಗ, ತುದಿಯಲ್ಲಿ ಕುಣಿಕೆ. ದೋಣಿಯವರು ಆ ಕುಣಿಕೆಯನ್ನು ಗಿಡ್ಡಕ್ಕೆ ಎಳೆದು ಕಟ್ಟಬಾರದು. ತಮ್ಮ ಹಗ್ಗವನ್ನು ಅದರೊಳಗೆ ತೂರಿಸಿ ಐದಾರು ಮೀಟರ್ ಸಡಿಲ ಬಿಡಬೇಕು. ಗಿಡ್ಡಕ್ಕೆ ಕಟ್ಟಿದರೆ ಪ್ರತಿ ಅಲೆಗೂ ಬೋಲ್ಟಿಗೆ ನೇರ ಮೇಲ್ಮುಖದ ಎಳೆತ ಬೀಳುತ್ತದೆ.

ಕೆಡುವುದು ಎಲ್ಲಿ ಎಂದರೆ, ಹೆಚ್ಚಾಗಿ ಜೋಡಣೆಗಳಲ್ಲಿ. ಸ್ಟೇನ್‌ಲೆಸ್ ಬೋಲ್ಟಿಗೆ ಸತುವಿನ ಲೇಪದ ಶ್ಯಾಕಲ್ (ಹಗ್ಗ ಜೋಡಿಸುವ ಲೋಹದ ಕೊಂಡಿ) ನೇರ ಸೇರಿಸಿದರೆ ಉಪ್ಪುನೀರಿನಲ್ಲಿ ಶ್ಯಾಕಲ್ ಬೇಗ ಕೊರೆದುಹೋಗುತ್ತದೆ. ಎರಡೂ ಒಂದೇ ಲೋಹದ್ದಿರಬೇಕು. ಶ್ಯಾಕಲ್‌ನ ಪಿನ್ನಿಗೆ ತಂತಿ ಸುತ್ತಿ ಬಿಗಿಯದಿದ್ದರೆ ಅಲೆಯ ಅಲುಗಾಟಕ್ಕೆ ತಾನಾಗಿ ತಿರುಚಿ ಬಿಚ್ಚಿಕೊಳ್ಳುತ್ತದೆ. ಹಗ್ಗ ಬಳೆಗೆ ತಾಗುವ ಕಡೆ ದಪ್ಪ ಪೈಪಿನ ತೋಳು ಹಾಕದಿದ್ದರೆ ಒಂದೇ ಋತುವಿನಲ್ಲಿ ಸವೆಯುತ್ತದೆ. ಚಿಪ್ಪುಜೀವಿಗಳು ಅಂಟಿ ಬಾಯ್ ಭಾರವಾಗಿ ಮುಳುಗತೊಡಗುತ್ತದೆ. ಇದಕ್ಕೆಲ್ಲ ತಿಂಗಳಿಗೊಮ್ಮೆ ಒಬ್ಬ ಡೈವರ್ ಇಳಿದು ನೋಡಿದರೆ ಸಾಕು, ಆದರೆ ನೋಡಿದ ದಿನಾಂಕ ಬರೆದಿಡಬೇಕು. ಮೇ ಕೊನೆಯೊಳಗೆ ಬಾಯ್, ಹಗ್ಗ ಎಲ್ಲವನ್ನೂ ಬಿಚ್ಚಿ ದಡಕ್ಕೆ ತಂದು, ಬೋಲ್ಟಿನ ಜಾಗವನ್ನು ಜಿಪಿಎಸ್‌ನಲ್ಲಿ ಗುರುತಿಟ್ಟು, ಮಳೆಗಾಲ ಮುಗಿದ ಮೇಲೆ ಮತ್ತೆ ಕಟ್ಟಬೇಕು. ಬಿಟ್ಟುಬಂದರೆ ಅದು ಉಳಿಯುವುದಿಲ್ಲ.

ಕಟ್ಟುಬುರುಡೆಯಿಂದ ಇನ್ನೊಂದು ಲಾಭ ಇದೆ. ನಾಲ್ಕು ಬಾಯ್ ಇದ್ದರೆ ನಾಲ್ಕೇ ದೋಣಿ. ಐದನೆಯದು ಕಾಯಬೇಕು, ಇಲ್ಲವೇ ಮರಳಬೇಕು. ಸಂಖ್ಯೆಯ ಮಿತಿಯನ್ನು ಕಾಗದದ ಮೇಲೆ ಕಾಯುವುದಕ್ಕಿಂತ ನೀರಿನ ಮೇಲೆ ಕಾಯುವುದು ಸುಲಭ. ಕೆರಿಬಿಯನ್‌ನ ಬೊನೇರ್ ದ್ವೀಪ 1979ರಲ್ಲಿ ಕಡಲ ಉದ್ಯಾನ ಮಾಡಿಕೊಂಡಿತು. ಅಲ್ಲಿ ಹವಳದ ಮೇಲೆ ಲಂಗರು ಹಾಕುವಂತಿಲ್ಲ, ದೋಣಿಗಳು ಕಟ್ಟುಬುರುಡೆಗಳಿಗೇ ಕಟ್ಟಿಕೊಳ್ಳಬೇಕು. 1992ರಿಂದ ಪ್ರತಿ ಡೈವರ್‌ನಿಂದ ವರ್ಷಕ್ಕೆ 10 ಡಾಲರ್ ಶುಲ್ಕ ಪಡೆದು ಉದ್ಯಾನದ ಖರ್ಚನ್ನು ಅದರಿಂದ ತೂಗಿಸಿತು. ನೇತ್ರಾಣಿಗೆ ಡೈವಿಂಗ್‌ಗೆ ಬರುವವರು ತೆರುವ ಹಣಕ್ಕೆ ಹೋಲಿಸಿದರೆ ಅಂಥ ಸಣ್ಣ ಶುಲ್ಕ ಭಾರವಾಗದು, ಅದು ಬೇರೆ ಖಾತೆಗೆ ಹೋಗದೆ ಇದಕ್ಕೇ ಬಳಕೆಯಾಗುವುದಾದರೆ.

ಎಷ್ಟು ಜನ ಇಳಿಯಬಹುದು? ಕೆಂಪು ಸಮುದ್ರ, ಕೆರಿಬಿಯನ್‌ಗಳಲ್ಲಿ ನಡೆದ ಅಧ್ಯಯನಗಳು ಒಂದು ತಾಣಕ್ಕೆ ವರ್ಷಕ್ಕೆ 5000ದಿಂದ 6000 ಡೈವ್ ದಾಟಿದರೆ ಹಾನಿ ಏಕಾಏಕಿ ಏರುತ್ತದೆ ಎಂದು ತೋರಿಸಿವೆ. ನಮ್ಮ ಋತುವಿನಲ್ಲಿ ಕಡಲು ಒರಟಾದ ದಿನಗಳನ್ನು ಬಿಟ್ಟು 200 ದಿನ ಎಂದಿಟ್ಟುಕೊಂಡರೆ ದಿನಕ್ಕೆ ಒಂದು ತಾಣಕ್ಕೆ 25ರಿಂದ 30 ಡೈವ್. ಇದರಲ್ಲಿ ಬೋಧಕರ ಡೈವ್‌ಗಳೂ ಸೇರಬೇಕು. ಒಬ್ಬ ಪ್ರವಾಸಿಗೆ ಒಬ್ಬ ಬೋಧಕ ಎಂದಾದರೆ ಉಳಿಯುವುದು ಹದಿನೈದಕ್ಕಿಂತ ಹೆಚ್ಚಿಲ್ಲ. ಆ ಅಧ್ಯಯನಗಳು ತರಬೇತಾದ ಡೈವರ್‌ಗಳ ಲೆಕ್ಕ ಎಂಬುದನ್ನೂ ನೆನಪಿಡಬೇಕು. ನೇತ್ರಾಣಿಗೆ ಬರುವವರಲ್ಲಿ ಬಹುಪಾಲು ಜನ ಮೊದಲ ಸಲ ನೀರಿಗಿಳಿಯುವವರು, ಎಷ್ಟೋ ಮಂದಿಗೆ ಈಜು ಬಾರದು. ಮಲೇಷ್ಯಾದ ಸಿಪಾದಾನ್ ದ್ವೀಪದಲ್ಲಿ 2004ರ ಕೊನೆಗೆ ರೆಸಾರ್ಟ್‌ಗಳನ್ನೆಲ್ಲ ತೆರವು ಮಾಡಿಸಿ, ಇಡೀ ದ್ವೀಪಕ್ಕೆ ದಿನಕ್ಕೆ 120 ಪರವಾನಗಿ ಎಂದು ಮಿತಿ ಹಾಕಿದ್ದರು; ಆಮೇಲೆ ಅದನ್ನು ಏರಿಸಿದ್ದಾರೆ. ದೊಡ್ಡ ಆದಾಯದ ತಾಣಕ್ಕೇ ಇಂಥ ಮಿತಿ ಸಾಧ್ಯವಾಗಿದ್ದರೆ ನಮಗೇಕೆ ಆಗಬಾರದು?

ನೀರೊಳಗೆ ಹವಳಕ್ಕೆ ತಾಗುವ ಕಾಲುಗಳ ಹಿಂದೆ ಹೆಚ್ಚಾಗಿ ಇರುವುದು ಮುಳುಗಲೆಂದು ಮೈಗೆ ಕಟ್ಟುವ ಸೀಸದ ತೂಕದ ತಪ್ಪು ಲೆಕ್ಕ. ಹೊಸಬರು ಮೇಲೆ ತೇಲಿ ಹೋಗದಿರಲಿ ಎಂದು ಒಂದೆರಡು ಕಿಲೋ ಹೆಚ್ಚೇ ಕಟ್ಟುವ ರೂಢಿ ಇದೆ. ಹಾಗೆ ಕಟ್ಟಿದವರು ಅಡ್ಡಡ್ಡ ಈಜಲಾರರು. ಕಾಲು ಕೆಳಕ್ಕೆ, ತಲೆ ಮೇಲಕ್ಕೆ ನಿಂತು ಸೈಕಲ್ ತುಳಿದಂತೆ ಒದೆಯುತ್ತಾರೆ. ಪ್ರತಿ ಒದೆತಕ್ಕೂ ಫಿನ್ ಬಂಡೆಗೆ ಹೊಡೆಯುತ್ತದೆ, ಇಲ್ಲವೇ ಕೆಸರು ಎಬ್ಬಿಸುತ್ತದೆ. ಸರಿಯಾದ ತೂಕ ನೋಡುವುದು ಹೀಗೆ: ಸಿಲಿಂಡರ್‌ನಲ್ಲಿ 50 ಬಾರ್ ಒತ್ತಡದಷ್ಟು ಮಾತ್ರ ಗಾಳಿ ಇದ್ದಾಗ, ತೇಲಲು ಗಾಳಿ ತುಂಬುವ ಜಾಕೆಟ್‌ನ ಗಾಳಿಯನ್ನೆಲ್ಲ ಬಿಟ್ಟು, ಸಾಮಾನ್ಯ ಉಸಿರು ಹಿಡಿದು ನೇರ ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ತುಂಬಿದ ಸಿಲಿಂಡರ್‌ನಲ್ಲೇ ಪರೀಕ್ಷಿಸಿದರೆ ಎರಡು ಕಿಲೋ ಸೇರಿಸಿಕೊಳ್ಳಬೇಕು, ಏಕೆಂದರೆ ಮಾಮೂಲಿ ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾಗುತ್ತ ಅಷ್ಟು ಹಗುರವಾಗುತ್ತದೆ. ದೋಣಿ ತುಂಬ ಜನ, ಹಿಂದೆ ಇನ್ನೊಂದು ತಂಡ ಕಾಯುತ್ತಿದೆ ಎಂಬ ಗಡಿಬಿಡಿಯಲ್ಲಿ ಈ ಎರಡು ನಿಮಿಷದ ಪರೀಕ್ಷೆ ಮೊದಲು ಬಿಟ್ಟುಹೋಗುತ್ತದೆ.

ಮೊದಲ ಡೈವ್‌ನವರನ್ನು ಮರಳಿನ ತಳ ಇರುವ ಕಡೆ ಇಳಿಸಿ, ಸಮತೋಲ ಬಂದ ಮೇಲೆ ಬಂಡೆಯ ಹತ್ತಿರ ಕರೆದೊಯ್ಯಬೇಕು. ಬೋಧಕನ ಒಂದು ಕೈ ಸದಾ ಅವರ ಸಿಲಿಂಡರ್ ಮೇಲೆ ಇರಬೇಕು, ಹವಳದಿಂದ ಕನಿಷ್ಠ ಎರಡು ಮೀಟರ್ ಮೇಲೆಯೇ ಸಾಗಬೇಕು, 12 ಮೀಟರ್‌ಗಿಂತ ಆಳಕ್ಕೆ ಹೋಗಬಾರದು. ಹೆಚ್ಚು ತಾಗುವಿಕೆ ನಡೆಯುವುದು ಮೊದಲ ಹತ್ತು ನಿಮಿಷದಲ್ಲಿ, ಆಮೇಲೆ ಫೋಟೊ ತೆಗೆಯುವಾಗ. ಪ್ರವಾಸಿಯನ್ನು ಬಂಡೆಯ ಮೇಲೆ ಮೊಣಕಾಲೂರಿ ಕೂರಿಸಿ, ಕೈಯಲ್ಲಿ ಹವಳ ಹಿಡಿಸಿ, ಬೆರಳೆತ್ತಿ ವಿಡಿಯೊ ಮಾಡಿಸುವುದು ನಿಲ್ಲಲೇಬೇಕು. ಹವಳದ ಜೀವ ಇರುವುದು ಸುಣ್ಣದ ಮೇಲಿನ ತೆಳುವಾದ ಲೋಳೆಚರ್ಮದಲ್ಲಿ. ಬೆರಳೂರಿದರೆ ಆ ಚರ್ಮ ಕೆಳಗಿನ ಚೂಪು ಸುಣ್ಣಕ್ಕೆ ಒತ್ತಿ ಹರಿಯುತ್ತದೆ. ದಿನಗಳೊಳಗೆ ಅಲ್ಲಿ ಪಾಚಿ ಹಿಡಿಯುತ್ತದೆ. ಥಾಯ್ಲೆಂಡ್ 2025ರಲ್ಲಿ, ಮೊದಲ ಸಲ ಇಳಿಯುವವರ ಕೈಗೆ ನೀರೊಳಗೆ ಕ್ಯಾಮೆರಾ ಕೊಡಬಾರದು ಎಂದು ನಿಯಮ ಮಾಡಿತು. ನಾವೂ ಅದನ್ನು ಪಾಲಿಸಬಹುದು, ಯಾವ ಖರ್ಚೂ ಇಲ್ಲ.

ಗಾಳ, ಬಲೆಯ ಮಾತು ಸೂಕ್ಷ್ಮ. ಮೊಗೇರ, ಖಾರ್ವಿ ಕುಟುಂಬಗಳು ತಲೆಮಾರುಗಳಿಂದ ಮೀನು ಹಿಡಿದ ನೀರಿಗೆ ಅವರನ್ನೇ ಬಿಟ್ಟು ಗಡಿ ಎಳೆದರೆ ಆ ಗಡಿ ಒಂದು ವರ್ಷವೂ ನಿಲ್ಲದು. ನಾವು ಕೇಳುವುದು ದ್ವೀಪದ ಬಂಡೆಗೆ ಹೊಂದಿಕೊಂಡ ಕಿರಿದಾದ ಪಟ್ಟಿಯಲ್ಲಿ ಮಾತ್ರ ಬೇಟೆ ಬಿಡುವುದು. ಗ್ರೂಪರ್ ಜಾತಿಯ ಬಹುತೇಕ ಮೀನುಗಳು ಹುಟ್ಟುವುದು ಹೆಣ್ಣಾಗಿ, ದೊಡ್ಡದಾದ ಮೇಲಷ್ಟೇ ಕೆಲವು ಗಂಡಾಗುತ್ತವೆ. ಬಂಡೆಯ ಪೊಟರೆಯಿಂದ ದೊಡ್ಡದನ್ನೇ ಆರಿಸಿ ಹಿಡಿದರೆ ಆ ಬಂಡೆಯಲ್ಲಿ ಗಂಡೇ ಉಳಿಯುವುದಿಲ್ಲ. ಆ ಪಟ್ಟಿಯಲ್ಲಿ ಬೆಳೆದ ಮೀನಿನ ಮೊಟ್ಟೆ, ಮರಿ ಹೊರಗಿನ ನೀರಿಗೇ ಹೋಗುವುದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ದ್ವೀಪ ದಡದಿಂದ 12 ನಾಟಿಕಲ್ ಮೈಲಿಯ (ಸುಮಾರು 22 ಕಿಲೋಮೀಟರ್) ಒಳಗೆ, ಅಂದರೆ ರಾಜ್ಯದ ಮೀನುಗಾರಿಕೆ ವ್ಯಾಪ್ತಿಯಲ್ಲಿದೆ. ನಿರ್ದಿಷ್ಟ ಪ್ರದೇಶದಲ್ಲಿ ಮೀನುಗಾರಿಕೆಯನ್ನು ಅಧಿಸೂಚನೆಯ ಮೂಲಕ ನಿರ್ಬಂಧಿಸುವ ಅಧಿಕಾರವನ್ನು 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ರಾಜ್ಯಕ್ಕೆ ಕೊಟ್ಟಿದೆ. ಕಾವಲು, ಬಾಯ್ ನಿರ್ವಹಣೆ, ದೋಣಿ ಓಡಿಸುವ ಕೆಲಸ ಮೊದಲು ಆ ಕುಟುಂಬಗಳಿಗೇ ಸಿಗಬೇಕು.

ಬಂಡೆಗೆ ಸಿಕ್ಕಿ ಉಳಿದ ಹರಿದ ಬಲೆಗಳು ವರ್ಷಗಟ್ಟಲೆ ಮೀನು, ಏಡಿ, ಆಮೆ ಹಿಡಿಯುತ್ತಲೇ ಇರುತ್ತವೆ. ಅವುಗಳನ್ನು ದೋಣಿಗೆ ಕಟ್ಟಿ ಎಳೆಯಲೇಬಾರದು. ಬಲೆ ಸುತ್ತಿಕೊಂಡ ಹವಳವೂ ಜೊತೆಗೆ ಬರುತ್ತದೆ. ಮೊದಲ ದಿನ ನೋಡಿ ಫೋಟೊ ತೆಗೆದು ಬರುವುದಷ್ಟೇ. ಮರುದಿನ ನೀರಿನ ಸೆಳೆತ ನಿಂತ ಹೊತ್ತಿನಲ್ಲಿ ಇಬ್ಬಿಬ್ಬರ ಜೋಡಿಯಾಗಿ ಇಳಿದು, ಅಂಚಿನಿಂದ ಶುರುಮಾಡಿ ಎರಡು ಮೂರು ಮೀಟರ್ ತುಂಡುಗಳಾಗಿ ಗಟ್ಟಿ ಕತ್ತರಿಯಿಂದ ಕತ್ತರಿಸಿ ಚೀಲಕ್ಕೆ ಸುತ್ತಿಡಬೇಕು. ಪೂರ್ತಿ ಬಿಡಿಸಿದ ತುಂಡಿಗಷ್ಟೇ ಗಾಳಿ ತುಂಬಿ ಎತ್ತುವ ಚೀಲ ಕಟ್ಟಬೇಕು. ಹವಳ ಬಲೆಯ ಮೇಲೆಯೇ ಬೆಳೆದಿದ್ದರೆ ಸುತ್ತ ಕತ್ತರಿಸಿ ಆ ಭಾಗವನ್ನು ಹಾಗೇ ಬಿಡಬೇಕು. ಒಬ್ಬರು ಕತ್ತರಿಸುವಾಗ ಇನ್ನೊಬ್ಬರ ಕೆಲಸ ಅವರ ಫಿನ್, ಗೇಜ್, ಸಿಲಿಂಡರ್ ವಾಲ್ವ್ ಬಲೆಗೆ ಸಿಕ್ಕದಂತೆ ನೋಡುವುದು ಮಾತ್ರ. ನೌಕಾಪಡೆಯ ಗುಂಡಿನ ಅಭ್ಯಾಸಕ್ಕೂ ನೇತ್ರಾಣಿ ಬಳಕೆಯಾಗಿದೆ. ಆದ್ದರಿಂದ ತಳದಲ್ಲಿ ಲೋಹದ ಯಾವ ವಸ್ತು ಕಂಡರೂ ಮುಟ್ಟದೆ, ಜಾಗ ಗುರುತಿಸಿ ಕರಾವಳಿ ಕಾವಲು ಪೊಲೀಸರಿಗೆ ತಿಳಿಸಬೇಕು.

ಇಷ್ಟಾದ ಮೇಲೆ ಹವಳ ನೆಡುವ ಮಾತು ಬರಲಿ. ಗಟ್ಟಿ ಹವಳದ ಎಲ್ಲ ಜಾತಿಗಳೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅತಿ ಹೆಚ್ಚು ರಕ್ಷಣೆಯ ಮೊದಲ ಅನುಸೂಚಿಯಲ್ಲಿವೆ. ತುಂಡು ಮುರಿಯುವುದು ಅಪರಾಧ, ನೆಡುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ನೆಡಲು ಸುಲಭವಾದ, ಬೇಗ ಬೆಳೆದು ಫೋಟೊಗೆ ಚೆಂದ ಕಾಣುವ ಕವಲು ಹವಳವೇ ಬಿಸಿಗೆ ಮೊದಲು ಸಾಯುವ ಜಾತಿ. ಒಂದೇ ತಾಯಿಹವಳದ ನೂರು ತುಂಡು ನೆಟ್ಟರೆ ನೂರೂ ಒಟ್ಟಿಗೇ ಸಾಯುತ್ತವೆ. ಪ್ಲಾಸ್ಟಿಕ್ ಪಟ್ಟಿಯಿಂದ ಸಡಿಲಾಗಿ ಕಟ್ಟಿದ ತುಂಡು ಅಲೆಗೆ ಅಲುಗಾಡುತ್ತಿದ್ದರೆ ಬಂಡೆಗೆ ಅಂಟುವುದೇ ಇಲ್ಲ. ನೆಟ್ಟ ಮೇಲೆ ತಿಂಗಳುಗಟ್ಟಲೆ ಪಾಚಿ ಉಜ್ಜುವವರು ಬೇಕು. ನಮ್ಮಲ್ಲಿ ಮಳೆಗಾಲದ ನಾಲ್ಕು ತಿಂಗಳು ಯಾರೂ ಇಳಿಯಲಾರರು. ಕೆಲಸ ಎಲ್ಲಿ ಕೆಡುತ್ತದೆ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಲೆಕ್ಕ ಇಡದೆ ಚೇತರಿಕೆಯ ಬಗ್ಗೆ ಮಾತಾಡುವುದು ವ್ಯರ್ಥ. ರೀಫ್ ಚೆಕ್ ಎಂಬ ವಿಧಾನವನ್ನು ತರಬೇತಾದ ಹವ್ಯಾಸಿ ಡೈವರ್‌ಗಳೇ ಮಾಡಬಹುದು. ಒಂದೇ ಆಳದಲ್ಲಿ 100 ಮೀಟರ್ ಟೇಪ್ ಹಾಸಿ, ನಡುವೆ ಐದೈದು ಮೀಟರ್ ಬಿಟ್ಟು 20 ಮೀಟರ್‌ನ ನಾಲ್ಕು ಭಾಗ ಮಾಡಿಕೊಳ್ಳುವುದು. ಪ್ರತಿ ಅರ್ಧ ಮೀಟರ್‌ಗೆ ಟೇಪಿನ ಕೆಳಗೆ ಏನಿದೆ ಎಂದು ಬರೆಯುವುದು: ಜೀವಂತ ಹವಳ, ಈಚೆಗೆ ಸತ್ತದ್ದು, ಪಾಚಿ, ಬಂಡೆ, ಪುಡಿ, ಮರಳು. ಭಾಗಕ್ಕೆ 40ರಂತೆ ಒಟ್ಟು 160 ಬಿಂದು. ಟೇಪಿನ ಎರಡೂ ಕಡೆ ಎರಡೂವರೆ ಮೀಟರ್ ಅಗಲದಲ್ಲಿ ಗ್ರೂಪರ್, ಗಿಳಿಮೀನು, ಚಿಟ್ಟೆಮೀನುಗಳ ಎಣಿಕೆ. ನವೆಂಬರ್‌ನಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ, ಅದೇ ಜಾಗದಲ್ಲಿ. ಡೈವಿಂಗ್ ನಡೆಯದ ಒಂದು ಮೂಲೆಯಲ್ಲೂ ಇದೇ ಎಣಿಕೆ ಆಗಬೇಕು. ಇಲ್ಲದಿದ್ದರೆ ಬಿಸಿಯಿಂದ ಸತ್ತದ್ದೆಷ್ಟು, ನಮ್ಮ ಕಾಲಿನಿಂದ ಸತ್ತದ್ದೆಷ್ಟು ಎಂದು ಬೇರೆ ಮಾಡಲಾಗದು. ಜೊತೆಗೆ ಅರ್ಧ ಗಂಟೆಗೊಮ್ಮೆ ನೀರಿನ ಉಷ್ಣಾಂಶ ದಾಖಲಿಸುವ ಸಣ್ಣ ಲಾಗರ್ ಒಂದನ್ನು ಬಂಡೆಗೆ ಕಟ್ಟಿಡಬೇಕು. ಏಪ್ರಿಲ್, ಮೇಯಲ್ಲಿ ಹವಳ ಬಿಳಿಚುತ್ತಿರುವುದು ಕಂಡರೆ ಆ ತಾಣದಲ್ಲಿ ಮೊದಲ ಸಲದವರ ಡೈವ್ ಅಂದೇ ನಿಲ್ಲಬೇಕು. ಇದನ್ನು ಪರವಾನಗಿಯ ಷರತ್ತಿನಲ್ಲೇ ಬರೆದಿಟ್ಟರೆ ಆ ದಿನ ಯಾರೂ ಯಾರ ಮೇಲೂ ಒತ್ತಡ ಹಾಕಬೇಕಾಗಿಲ್ಲ.

ಪ್ರವಾಸೋದ್ಯಮ, ಮೀನುಗಾರಿಕೆ, ಅರಣ್ಯ ಈ ಮೂರು ಇಲಾಖೆಗಳನ್ನು ಉತ್ತರ ಕನ್ನಡ ಜಿಲ್ಲಾಡಳಿತ ಒಂದು ಮೇಜಿನ ಸುತ್ತ ಕೂರಿಸಿ, ಈ ಋತು ಮುಗಿಯುವುದರೊಳಗೆ ಬೋಲ್ಟುಗಳ ಜಾಗ ಗುರುತಿಸುವ ಕೆಲಸವನ್ನಾದರೂ ಮುಗಿಸಬೇಕೆಂದು ಕೋರುತ್ತೇವೆ. ಎಣಿಕೆಯ ಅಂಕಿಗಳು ಕಡತದಲ್ಲಿ ಉಳಿಯದೆ, ಮುರ್ಡೇಶ್ವರದಲ್ಲಿ ಪ್ರವಾಸಿಗರು ದೋಣಿ ಹತ್ತುವ ಜಾಗದಲ್ಲಿ ಕನ್ನಡದ ಫಲಕದ ಮೇಲೆ ಕಾಣಬೇಕು. ಕೊರೆಯುವ ಯಂತ್ರ, ಸಾಮಗ್ರಿ, ಅನುಮತಿ ಇವನ್ನು ಸರ್ಕಾರ ಒದಗಿಸಿದರೆ ನೀರಿಗಿಳಿದು ಬೋಲ್ಟ್ ಕೂರಿಸುವುದಕ್ಕೂ ತಿಂಗಳ ತಪಾಸಣೆಗೂ ನಾವು ಕೂಲಿ ಕೇಳುವುದಿಲ್ಲ.

ಇಂತಿ,
ಡೈವಿಂಗ್ ಬೋಧಕರು ಮತ್ತು ದೋಣಿ ನಡೆಸುವವರು,
ಭಟ್ಕಳ ತಾಲ್ಲೂಕು, ಉತ್ತರ ಕನ್ನಡ